ನಡುಬೇಣದ ಎರಡು ಸಹಿ

ಸುಲಕ್ಷಾ ಹರಿಕಂತ್ರ ನೋಡಿಕೊಳ್ಳುತ್ತಿದ್ದ ಯಂತ್ರ ಎರಡು ವರ್ಷ ಎರಡು ತಿಂಗಳ ಕಾಲ ಒಂದೇ ಒಂದು ಸಾಕ್ಷಿಯನ್ನೂ ತಪ್ಪಿಸಿರಲಿಲ್ಲ. ಪಶ್ಚಿಮ ಕರಾವಳಿಯ ಇನ್ನೂರಾ ಹನ್ನೊಂದು ಬಂದರುಗಳಲ್ಲಿ ಅಂಥ ಯಂತ್ರಗಳಿದ್ದವು. ಇಷ್ಟು ಅಚ್ಚುಕಟ್ಟಾದ ದಾಖಲೆ ಇದ್ದದ್ದು ಮೂರಕ್ಕೆ ಮಾತ್ರ. ಆ ಮೂರರಲ್ಲಿ ನಡುಬೇಣ ಒಂದು ಎಂದು ಹೇಳುವಾಗ ಮೀನುಗಾರರ ಸೊಸೈಟಿಯ ಅಧ್ಯಕ್ಷ ಹೊನ್ನಪ್ಪ ತಾಂಡೇಲರ ದನಿ ತಾನಾಗಿಯೇ ಎತ್ತರವಾಗುತ್ತಿತ್ತು. ಸುಲಕ್ಷಾ ಪಕ್ಕದಲ್ಲಿದ್ದರೆ ತಲೆ ತಗ್ಗಿಸಿ ಸೆರಗಿನ ಅಂಚು ಸರಿಮಾಡಿಕೊಳ್ಳುತ್ತಿದ್ದಳು. ಆದರೆ ಅವರು ಅದನ್ನು ಹೇಳದೆ ಬಿಟ್ಟ ದಿನ ಅವಳಿಗೆ ಏನೋ ಕಡಿಮೆಯಾದಂತೆ ಅನಿಸುತ್ತಿತ್ತು.

ಮೀನು ತೀರಾ ಕಡಿಮೆಯಾದ ಮೇಲೆ ಬಂದ ವ್ಯವಸ್ಥೆ ಅದು. ಒಂದೊಂದು ದೋಣಿಯೂ ಋತುವಿಗೆ ಇಷ್ಟೇ ದಿನ ಕಡಲಿಗಿಳಿಯಬಹುದು ಎಂದು ನಿಯಮವಾಯಿತು. ಜನ ಆ ದಿನಗಳನ್ನು ಕಡಲದಿನ ಎಂದು ಕರೆದರು. ನಿಯಮವೇನೋ ಆಯಿತು, ದಾಖಲೆ ಯಾರ ಕೈಯಲ್ಲಿರಬೇಕು? ಒಂದು ರಾಜ್ಯ ಬರೆದದ್ದನ್ನು ಇನ್ನೊಂದು ರಾಜ್ಯ ನಂಬಲಿಲ್ಲ, ಒಂದು ಬಂದರಿನ ಪುಸ್ತಕವನ್ನು ಪಕ್ಕದ ಬಂದರು ನಂಬಲಿಲ್ಲ. ಕೊನೆಗೆ ಯಾರೊಬ್ಬರ ಕೈಯಲ್ಲೂ ಇಲ್ಲದ, ಎಲ್ಲರ ಕೈಯಲ್ಲೂ ಇರುವ ಒಂದು ಪುಸ್ತಕ ಮಾಡಿದರು. ಅದೇ ಕಡಲ ಬ್ಲಾಕ್‌ಚೈನ್. ಯಾವ ದೋಣಿ ಹೊರಟಿತು, ಯಾವುದು ಮರಳಿತು, ಏನು ತಂದಿತು ಎಂಬುದೆಲ್ಲ ಪುಟಪುಟವಾಗಿ ಸೇರುತ್ತಿತ್ತು. ಪ್ರತಿ ಆರೂವರೆ ನಿಮಿಷಕ್ಕೊಮ್ಮೆ ಪ್ರತಿ ಬಂದರಿನ ಯಂತ್ರವೂ 'ನಾನು ಕಂಡ ಪುಟ ಇದು, ಇದು ಸರಿ' ಎಂದು ಸಹಿ ಹಾಕಬೇಕಿತ್ತು. ವ್ಯಾಲಿಡೇಟರ್ ನೋಡ್ ಎಂಬುದು ಅದರ ಹೆಸರು. ನಡುಬೇಣದ ಹೆಂಗಸರು ಅದನ್ನು ಸಾಕ್ಷಿಪೆಟ್ಟಿಗೆ ಎಂದರು, ಆ ಹೆಸರೇ ನಿಂತಿತು.

ಸಾಕ್ಷಿ ಹೇಳುವವರು ಸುಮ್ಮನೆ ಹೇಳುವಂತಿರಲಿಲ್ಲ, ಏನನ್ನಾದರೂ ಒತ್ತೆ ಇಡಬೇಕಿತ್ತು. ನಡುಬೇಣದ ಮೂವತ್ನಾಲ್ಕು ದೋಣಿಗಳೂ ತಮ್ಮ ತಮ್ಮ ಕಡಲದಿನಗಳಲ್ಲಿ ಇಪ್ಪತ್ತನ್ನು ಆ ಪೆಟ್ಟಿಗೆಯ ಹೆಸರಿಗೆ ಒತ್ತೆ ಇಟ್ಟಿದ್ದವು. ಪೆಟ್ಟಿಗೆ ಸರಿಯಾಗಿ ಸಾಕ್ಷಿ ಹೇಳುತ್ತಿದ್ದರೆ ಎರಡು ತಿಂಗಳಿಗೊಂದು ದಿನ ಹೆಚ್ಚುವರಿ ಸಿಗುತ್ತಿತ್ತು. ಕರೆಂಟ್ ಹೋಗಿಯೋ ಇಂಟರ್‌ನೆಟ್ ಕಡಿದೋ ಸಾಕ್ಷಿ ತಪ್ಪಿದರೆ ಚೂರು ಕಡಿತ, ಉಗುರಿನಷ್ಟು. ಆದರೆ ಒಂದೇ ಸರದಿಗೆ ಎರಡು ಬೇರೆಬೇರೆ ಪುಟಗಳಿಗೆ ಸಹಿ ಹಾಕಿದರೆ ಅದು ಸುಳ್ಳುಸಾಕ್ಷಿ. ಒತ್ತೆಯಲ್ಲಿ ಅರ್ಧದ ಹತ್ತಿರ ಸುಟ್ಟುಹೋಗುತ್ತಿತ್ತು, ಪೆಟ್ಟಿಗೆಯನ್ನು ಹೊರಹಾಕುತ್ತಿದ್ದರು, ಉಳಿದ ದಿನಗಳು ಐದು ವಾರ ಬೀಗದೊಳಗೆ ಇರುತ್ತಿದ್ದವು. ಬೇಕೆಂದು ಮಾಡಿದಿರೋ ಕೈತಪ್ಪಿ ಆಯಿತೋ ಎಂದು ಕೇಳುವ ವ್ಯವಸ್ಥೆ ಅದರಲ್ಲಿರಲಿಲ್ಲ.

ಸುಲಕ್ಷಾ ಮೊದಲು ಬಂದರಿನ ವೈರ್‌ಲೆಸ್ ಕೋಣೆಯಲ್ಲಿ ಕೆಲಸಕ್ಕಿದ್ದವಳು. ಕಡಲಿನಲ್ಲಿರುವ ದೋಣಿಗಳಿಗೆ ಗಾಳಿಯ ಸುದ್ದಿ ಹೇಳುವುದು ಅವಳ ಕೆಲಸ. ನಲವತ್ತನಾಲ್ಕರ ವಯಸ್ಸಿನಲ್ಲಿ, ಯಾರೂ ಮುಂದೆ ಬಾರದಾಗ, ನಾನು ಕಲಿಯುತ್ತೇನೆ ಎಂದಳು. ಮಂಜುಗಡ್ಡೆ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಯಂತ್ರ ಕೂರಿಸಿದರು. ಗೋಡೆಯಾಚೆಯ ತಂಪಿಗೆ ಯಂತ್ರ ಬಿಸಿಯಾಗುವುದಿಲ್ಲ ಎಂಬುದು ಅವಳದೇ ಯೋಚನೆ. ಅದರಲ್ಲಿ ಎರಡು ಸಾಫ್ಟ್‌ವೇರ್: ಒಂದು ಕಡಲ ಪುಸ್ತಕದ ಜೊತೆ ಹೆಜ್ಜೆ ಹಾಕುತ್ತ ಹೋಗುತ್ತದೆ, ಇನ್ನೊಂದು ಗುಪ್ತ ಕೀಲಿ ಇಟ್ಟುಕೊಂಡು ಸಹಿ ಹಾಕುತ್ತದೆ. ಹಳೆಯ ಪುಟಗಳನ್ನೆಲ್ಲ ಇಳಿಸಿಕೊಳ್ಳಲು ನಾಲ್ಕು ದಿನ ಹಿಡಿಯಿತು. ಕೀಲಿಯನ್ನು ಮರಳಿ ಪಡೆಯಲು ಬೇಕಾದ ಇಪ್ಪತ್ನಾಲ್ಕು ಶಬ್ದಗಳನ್ನು ಅವಳು ಕಾಗದದಲ್ಲಿ ಬರೆದು ಸೊಸೈಟಿಯ ತಿಜೋರಿಯಲ್ಲಿಟ್ಟಳು. ಆ ಕೋಣೆಗೆ ಪ್ರತ್ಯೇಕ ವೈರು ಎಳೆದು, ಬ್ಯಾಟರಿ ಕೂರಿಸಿ, ಅರ್ತಿಂಗ್ ಸರಿಯಿದೆಯೇ ಎಂದು ಮೂರು ಸಲ ನೋಡಿದವನು ಕಾರ್ಖಾನೆಯ ಎಲೆಕ್ಟ್ರಿಶಿಯನ್ ದೇವಿದಾಸ. ಅರುವತ್ತರ ಹತ್ತಿರದ ಸಣಕಲ ಮನುಷ್ಯ. "ಇದು ನಮ್ಮೂರಿನ ಮರ್ಯಾದೆ ತಂಗಿ. ಇದರ ಕರೆಂಟ್ ನನ್ನ ಜವಾಬ್ದಾರಿ" ಎಂದಿದ್ದ.

ಕಲಿತಂತೆ ಕಲಿತಂತೆ ಅವಳಿಗೆ ಅದರ ರುಚಿ ಹತ್ತಿತು. ಎಲ್ಲ ಬಂದರುಗಳ ಹೆಸರುಗಳ ಮುಂದೆ ಒಂದೊಂದು ಗೆರೆ ಕಾಣುವ ಪುಟವೊಂದಿತ್ತು. ತಪ್ಪಿದ ಸಾಕ್ಷಿಗೊಂದು ಬೂದುಚುಕ್ಕೆ. ನಡುಬೇಣದ ಗೆರೆ ಪೂರ್ತಿ ಹಸಿರು. ಬೇಪೂರು ಬಂದರಿನ ಪೆಟ್ಟಿಗೆ ನೋಡಿಕೊಳ್ಳುವ ನಫೀಸಾ ಫೋನ್ ಮಾಡಿ, ನೀವು ಹೇಗೆ ನಿಭಾಯಿಸುತ್ತೀರಿ ಎಂದು ತನ್ನ ಮುರುಕು ಹಿಂದಿಯಲ್ಲಿ ಕೇಳಿದಾಗ, ಸುಲಕ್ಷಾ ಅಷ್ಟೇ ಮುರುಕು ಹಿಂದಿಯಲ್ಲಿ ಅರ್ಧ ತಾಸು ಮಾತಾಡಿದಳು. ಒಂದು ವಿಷಯ ಮಾತ್ರ ಹೇಳಲಿಲ್ಲ. ಅವಳ ಅಡುಗೆಮನೆಯ ಮೂಲೆಯಲ್ಲಿ, ಅಕ್ಕಿಡಬ್ಬಿಯ ಪಕ್ಕ, ಇನ್ನೊಂದು ಯಂತ್ರ ಇತ್ತು. ಕಾರ್ಖಾನೆಯ ಯಂತ್ರ ಕೆಟ್ಟರೆ ತಕ್ಷಣ ಇದನ್ನು ಎಬ್ಬಿಸಬಹುದು ಎಂದು, ಅದೇ ಕೀಲಿಯ ನಕಲನ್ನು ಹಾಕಿ ಇಟ್ಟಿದ್ದಳು. ಸೊಸೈಟಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಅವಳ ಗಂಡ ಉಮಾಕಾಂತ ಒಬ್ಬನೇ.

ಆ ಬಗ್ಗೆ ಯಂತ್ರದ ಕೈಪಿಡಿಯಲ್ಲಿ ಎರಡು ಮಾತು ದಪ್ಪ ಅಕ್ಷರದಲ್ಲಿದ್ದವು. ಎರಡನೆಯದನ್ನು ಎಬ್ಬಿಸುವ ಮೊದಲು ಮೊದಲನೆಯದರ ವೈರನ್ನು ನಿಮ್ಮ ಕೈಯಾರೆ ಕೀಳಿರಿ. ಅವಳಿ ಪರೀಕ್ಷೆಯನ್ನು ಎಂದೂ ನಿಲ್ಲಿಸಬೇಡಿ. ಅವಳಿ ಪರೀಕ್ಷೆ ಎಂದರೆ, ಎದ್ದ ಯಂತ್ರ ತಕ್ಷಣ ಸಹಿ ಹಾಕದೆ ಎರಡು ಸರದಿ ಸುಮ್ಮನೆ ಕಿವಿಗೊಟ್ಟು ಕೇಳುತ್ತದೆ. ತನ್ನದೇ ಕೀಲಿಯಿಂದ ಬೇರೆಲ್ಲಿಂದಲೋ ಸಹಿ ಬರುತ್ತಿದ್ದರೆ ತಾನಾಗಿ ಮಲಗಿಬಿಡುತ್ತದೆ. ಎರಡು ಸರದಿ ಎಂದರೆ ಹದಿಮೂರು ನಿಮಿಷ, ಎರಡು ಬೂದುಚುಕ್ಕೆ. ಆ ಚುಕ್ಕೆಗಳು ಬೇಡವೆಂದು ಸುಲಕ್ಷಾ ಎರಡೂ ಯಂತ್ರಗಳಲ್ಲಿ ಅದನ್ನು ನಿಲ್ಲಿಸಿಟ್ಟಿದ್ದಳು.

*

ಅಕ್ಟೋಬರಿನ ಒಂದು ಭಾನುವಾರ, ಮಧ್ಯಾಹ್ನ. ಬಂಗುಡೆ ಹಿಂಡುಹಿಂಡಾಗಿ ದಡದ ಹತ್ತಿರ ಬಂದಿದ್ದ ವಾರ ಅದು. ಉಮಾಕಾಂತ ಬಲೆ ರಿಪೇರಿಯ ಅಂಗಡಿ ಮುಚ್ಚಿ ಊಟಕ್ಕೆ ಬಂದಿದ್ದ. ಸುಲಕ್ಷಾ ಮೀನುಸಾರು ಬಡಿಸುತ್ತಿದ್ದಾಗ ಫೋನಿನಲ್ಲಿ ಯಂತ್ರದ ಎಚ್ಚರಿಕೆ ಕೂಗಿತು. ಕಾರ್ಖಾನೆಯಲ್ಲಿ ಕರೆಂಟ್ ಹೋಗಿದೆ, ಯಂತ್ರ ಬ್ಯಾಟರಿಯ ಮೇಲಿದೆ.

ಅವಳು ಸೌಟು ಹಿಡಿದುಕೊಂಡೇ ದೇವಿದಾಸನಿಗೆ ಫೋನ್ ಮಾಡಿದಳು.

"ಟ್ರಾನ್ಸ್‌ಫಾರ್ಮರ್ ಸುಟ್ಟದೆ ತಂಗಿ. ಲೈನಿನವರು ಬರ್ಬೇಕು. ಒಂದು ತಾಸಾದ್ರೂ ಬೇಕು."

"ಜನರೇಟರ್?"

"ಬೆಲ್ಟ್ ಕಡಿದುಹೋಗದೆ. ಹೊಸದು ತರ್ಬೇಕು."

"ದೇವಿದಾಸಣ್ಣ, ಬ್ಯಾಟರಿ ಹತ್ತು ನಿಮಿಷವೂ ತಡೆಯೂದಿಲ್ಲ. ಎರಡು ವರ್ಷದ ದಾಖಲೆ..." ಅವಳ ದನಿ ನಡುಗಿತು.

"ಹೆದರ್ಬೇಡ ನೀನು. ನೋಡ್ತೆ ನಾನು" ಎಂದ ದೇವಿದಾಸ.

ಬ್ಯಾಟರಿ ಎಂಟನೆಯ ನಿಮಿಷಕ್ಕೆ ಸತ್ತಿತು. ಮುಂದಿನ ಸರದಿಗೆ ನಾಲ್ಕು ನಿಮಿಷ ಇತ್ತು. ಬಂದರಿಗೆ ಎರಡು ಕಿಲೋಮೀಟರು. ಹೋಗಿ ವೈರು ಕಿತ್ತು ಬರುವಷ್ಟರಲ್ಲಿ ಮೂರೋ ನಾಲ್ಕೋ ಚುಕ್ಕೆ ಬೀಳುತ್ತಿತ್ತು. ಕರೆಂಟ್ ಒಂದು ತಾಸು ಬರುವುದಿಲ್ಲ ಎಂದಿದ್ದಾನಲ್ಲ, ಸತ್ತ ಯಂತ್ರ ಹೇಗೆ ಸಹಿ ಹಾಕುತ್ತದೆ? ಅವಳು ಅಕ್ಕಿಡಬ್ಬಿಯನ್ನು ಸರಿಸಿ ಕುಕ್ಕುರುಗಾಲಿನಲ್ಲಿ ಕುಳಿತಳು.

"ವೈರು ಕೀಳದೇ ಹಾಕ್ತೀಯಾ?" ಉಮಾಕಾಂತ ತಟ್ಟೆಯ ಮುಂದಿನಿಂದ ಕೇಳಿದ. ಅವನಿಗೆ ಯಂತ್ರದ ವಿಷಯ ಅಷ್ಟಾಗಿ ತಿಳಿಯದು. ಆದರೆ ಆ ಮಾತನ್ನು ಅವಳ ಬಾಯಿಂದಲೇ ಹತ್ತು ಸಲ ಕೇಳಿದ್ದ.

"ಅಲ್ಲಿ ಕರೆಂಟೇ ಇಲ್ಲ" ಎಂದಳು. ದೇವಿದಾಸನಿಗೆ ಇನ್ನೊಮ್ಮೆ ಫೋನ್ ಮಾಡಿ 'ನಾನು ಹೇಳುವವರೆಗೆ ಹಾಕಬೇಡ' ಎನ್ನಲು ಅರ್ಧ ನಿಮಿಷ ಸಾಕಿತ್ತು. ಹಾಗೆಂದರೆ ಯಾಕೆ ಎಂದು ಕೇಳುತ್ತಾನೆ, ಎರಡನೆಯ ಯಂತ್ರದ ವಿಷಯ ಹೇಳಬೇಕಾಗುತ್ತದೆ. ಅವಳು ಫೋನ್ ಮಾಡಲಿಲ್ಲ. ಅಡುಗೆಮನೆಯ ಯಂತ್ರ ಎದ್ದಿತು, ಸರದಿಗೆ ಸರಿಯಾಗಿ ಸಹಿ ಹಾಕಿತು. ಗೆರೆ ಹಸಿರಾಗಿಯೇ ಉಳಿಯಿತು. ಅವಳು ಎದ್ದು ಬಂದು ಗಂಡನಿಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಕೈ ಹಗುರವಾಗಿತ್ತು.

ಅತ್ತ ದೇವಿದಾಸ, ಸುಲಕ್ಷಾಳ ದನಿ ನಡುಗಿದ್ದನ್ನು ಕೇಳಿದವನು, ಸೈಕಲ್ ಹತ್ತಿ ಅಕ್ಕಿಗಿರಣಿಗೆ ಹೋಗಿ ಅಲ್ಲಿನ ಯಂತ್ರದಿಂದ ಬೆಲ್ಟ್ ಬಿಚ್ಚಿಸಿಕೊಂಡು ಬಂದಿದ್ದ. ಅಳತೆ ಹೊಂದದ್ದರಿಂದ ಮೋಟಾರನ್ನೇ ಜರುಗಿಸಿ ಬೋಲ್ಟು ಬಿಗಿದ. ಒಂದು ತಾಸಿನ ಕೆಲಸವನ್ನು ಇಪ್ಪತ್ತು ನಿಮಿಷದಲ್ಲಿ ಮುಗಿಸಿ, ಬೇರೆ ಯಾವುದಕ್ಕೂ ಕೊಡುವ ಮೊದಲು ಸಾಕ್ಷಿಪೆಟ್ಟಿಗೆಯ ಕೋಣೆಗೆ ಕರೆಂಟ್ ಕೊಟ್ಟ. ಆಮೇಲೆ ಫೋನ್ ಮಾಡಿದ.

"ಹಾಕಿದೆ ತಂಗಿ! ಈಗ ನಿಶ್ಚಿಂತಿಂದ ಊಟ ಮಾಡು."

ಸುಲಕ್ಷಾ ಫೋನನ್ನು ಕಿವಿಯಲ್ಲಿಟ್ಟುಕೊಂಡೇ ಅಡುಗೆಮನೆಗೆ ಓಡಿದಳು. ಗೋಡೆಯ ಸ್ವಿಚ್ಚು ಆರಿಸಿದಾಗ ತಡವಾಗಿತ್ತು. ಕಾರ್ಖಾನೆಯ ಯಂತ್ರ ಆಗಷ್ಟೇ ಎದ್ದದ್ದು. ಅದು ಕಂಡ ಕೊನೆಯ ಪುಟ ಬೇರೆ. ಅಡುಗೆಮನೆಯ ಯಂತ್ರ ಕಂಡ ಕೊನೆಯ ಪುಟ ಬೇರೆ. ಎರಡೂ ಒಂದೇ ಸರದಿಗೆ, ಒಂದೇ ಹೆಸರಿನಲ್ಲಿ, ತಮ್ಮ ತಮ್ಮ ಪುಟವೇ ಸರಿ ಎಂದು ಸಹಿ ಹಾಕಿದ್ದವು. ಫೋನಿನ ಪರದೆಯಲ್ಲಿ ಹಸಿರು ಗೆರೆ ಕೆಂಪಾಯಿತು. ಕೆಳಗೆ ಒಂದೇ ಸಾಲು: ನಡುಬೇಣ, ಎರಡು ಸಹಿ, ಹೊರಹಾಕಲಾಗಿದೆ. ಅದನ್ನು ಇನ್ನೂರಾ ಹತ್ತು ಬಂದರುಗಳೂ ಅದೇ ಕ್ಷಣದಲ್ಲಿ ಓದಿದವು.

"ತಂಗಿ? ಆತಾ?" ಫೋನಿನಲ್ಲಿ ದೇವಿದಾಸ ಕೇಳುತ್ತಲೇ ಇದ್ದ.

*

ಸಂಜೆ ಐದಕ್ಕೆ ಸೊಸೈಟಿಯ ಹಜಾರ ತುಂಬಿತ್ತು. ಪ್ರತಿ ದೋಣಿಗೂ ಒಂಬತ್ತು ಕಡಲದಿನ ಸುಟ್ಟುಹೋಗಿತ್ತು. ಒತ್ತೆಯ ಉಳಿದ ಹನ್ನೊಂದು ದಿನ ಐದು ವಾರ ಬೀಗದೊಳಗೆ. ಅಂದರೆ ಬಂಗುಡೆ ಇರುವವರೆಗೆ ಕೈಗೆ ಸಿಗುವಂತಿರಲಿಲ್ಲ.

ಕೂಗಾಡುತ್ತಿದ್ದವರನ್ನು ಹೊನ್ನಪ್ಪ ತಾಂಡೇಲರು ಕೈಯೆತ್ತಿ ಸುಮ್ಮನಾಗಿಸಿದರು. "ಸುಲಕ್ಷಾ, ನಮಗೆ ತಿಳಿಯೂ ಹಾಗೆ ಹೇಳು. ಎಂತ ಆತು?"

ಅವಳು ದಾರಿಯುದ್ದಕ್ಕೂ ಹೇಳಬೇಕಾದದ್ದನ್ನು ಮನಸ್ಸಿನಲ್ಲಿ ಕೂಡಿಸಿಕೊಂಡು ಬಂದಿದ್ದಳು. ತಪ್ಪು ನನ್ನದು, ಎಂಬುದು ಮೊದಲ ವಾಕ್ಯ. ಎದುರಿಗೆ ಎಪ್ಪತ್ತು ಮುಖಗಳು. ಬಾಯಿಂದ ಬಂದದ್ದು ಬೇರೆ.

"ಕರೆಂಟ್ ಹೋಗಿತ್ತು. ಯಂತ್ರ ಮಲಗಿತ್ತು. ನಡುವೆ ಒಮ್ಮೆಲೇ ಕರೆಂಟ್ ಬಂತು, ನನಗೆ ಗೊತ್ತಿರಲಿಲ್ಲ. ಯಂತ್ರ ಗೊಂದಲಕ್ಕೆ ಬಿದ್ದು..."

ಅದರಲ್ಲಿ ಒಂದೊಂದು ಮಾತನ್ನೂ ಬಿಡಿಬಿಡಿಯಾಗಿ ನೋಡಿದರೆ ಸುಳ್ಳೆಂದು ಹೇಳಲು ಆಗುತ್ತಿರಲಿಲ್ಲ. ಹಿಂದಿನ ಸಾಲಿನಿಂದ ದೇವಿದಾಸ ಎದ್ದು ನಿಂತ. ಅಂಗಿಯ ಮೇಲೆ ಗ್ರೀಸಿನ ಕಲೆ ಇನ್ನೂ ಹಸಿಯಾಗಿತ್ತು.

"ಕರೆಂಟ್ ಹಾಕಿದ್ದು ನಾನು" ಎಂದ. "ಹಾಕಿದ್ಮೇಲೆ ಫೋನ್ ಮಾಡಿದೆ. ಹಾಕೂಕಿಂತ ಮೊದಲು ಕೇಳ್ಬೇಕಿತ್ತು."

"ಕೇಳದೇ ಯಾಕೆ ಹಾಕಿದ್ಯೋ?" ಯಾರೋ ಕಿರುಚಿದರು. "ನಲವತ್ತು ವರ್ಷದ ಅನುಭವ ಅಂತೆ!"

ದೇವಿದಾಸ ಸುಲಕ್ಷಾಳ ಕಡೆ ನೋಡಿದ. ದೂರುವ ನೋಟವಲ್ಲ ಅದು. ತಾನು ಮಾಡಿದ್ದು ತಪ್ಪೇ ಹೌದಾ ಎಂದು ತಿಳಿದವರನ್ನು ಕೇಳುವ ನೋಟ. ಅವಳು ಮೇಜಿನ ಮೇಲಿದ್ದ ನೀರಿನ ಲೋಟವನ್ನು ನೋಡುತ್ತ ನಿಂತಳು. ಅವನು ಕುಳಿತ. ಸಭೆ ಮುಂದುವರಿಯಿತು.

*

ಮನೆಯಲ್ಲಿ ಉಮಾಕಾಂತ ಏನೂ ಕೇಳಲಿಲ್ಲ. ಸಭೆಯಲ್ಲಿ ಅವನೂ ಇದ್ದ. ನಾಲ್ಕನೆಯ ದಿನ ಬೆಳಿಗ್ಗೆ ಅವಳು ಸ್ನಾನ ಮುಗಿಸಿ ಬರುವಾಗ ಅಡುಗೆಮನೆಯ ಯಂತ್ರವನ್ನು ಗೋಣಿಚೀಲದಲ್ಲಿ ಸುತ್ತಿ ಹಗ್ಗ ಬಿಗಿಯುತ್ತಿದ್ದ. ಬಲೆಗೆ ಹಾಕುವಂಥ ಗಟ್ಟಿ ಗಂಟು.

"ಇದನ್ನ ಎಲ್ಲಿಡ್ಲಿ?"

"ಎಲ್ಲಿಡ್ತಿ? ಅಟ್ಟದ ಮೇಲೆ."

"ಯಾರಾದ್ರೂ ಕೇಳಿದ್ರೆ?"

"ಯಾರು ಕೇಳ್ತಾರೆ? ಯಾರಿಗೂ ಗೊತ್ತಿಲ್ಲ."

ಅವನು ಚೀಲವನ್ನು ಹೆಗಲಿಗೇರಿಸಿದ. "ನನಗೆ ಗೊತ್ತದೆ, ಸುಲಕ್ಷಾ" ಎಂದು ಏಣಿ ಹತ್ತಿದ. ಮೇಲಿನಿಂದ ಅಟ್ಟದ ಹಲಗೆ ಕಿರುಗುಟ್ಟುವ ಸದ್ದು ಬಂತು. ಕೆಳಗಿಳಿದು ಬಂದವನು ಕೈತೊಳೆಯುತ್ತ ಹೇಳಿದ: "ದೇವಿದಾಸಣ್ಣ ನಾಲ್ಕು ದಿನದಿಂದ ಚಾದಂಗಡಿಗೆ ಬರ್ಲಿಲ್ಲ. ನಿನ್ನೆ ನಾನು ಮನೆಗೆ ಹೋದೆ. ಪ್ಲಗ್ಗು, ಸ್ವಿಚ್ಚು ಎಲ್ಲ ಮುಂದೆ ಹರಡ್ಕಂಡು ಕೂತಿದ್ದ. ಎಲ್ಲಿ ತಪ್ಪಿದೆ ಅಂತ ಚಿತ್ರ ಬರೆದು ನೋಡ್ತಿದ್ದ."

ಅವಳಿಗೆ ತಿಂಡಿ ಬೇಡವಾಗಿತ್ತು. ಆದರೂ ತಿಂದಳು. ಬಿಟ್ಟೆದ್ದರೆ ಗಂಡ ನೋಡುತ್ತಾನೆ ಎಂದು ತಿಂದಳು.

ಆ ವಾರವೇ ನಫೀಸಾ ಫೋನ್ ಮಾಡಿದಳು. ಸುಮಾರು ಹೊತ್ತು ಮಳೆ, ಮೀನು ಎಂದು ಮಾತಾಡಿ, ಆಮೇಲೆ ಮೆಲ್ಲಗೆ, "ಒಂದೇ ಯಂತ್ರ ಎಷ್ಟೇ ಗೊಂದಲವಾದರೂ ಹಾಗೆ ಮಾಡುವುದು ಕಷ್ಟ ಅಲ್ವಾ ದೀದಿ? ಅದರೊಳಗೆ ಏನೇನು ಸಹಿ ಹಾಕಿದೆ ಅಂತ ದಾಖಲೆ ಇರ್ತದೆ, ಅದನ್ನು ನೋಡಿಯೇ ಮುಂದಿನ ಸಹಿ ಹಾಕ್ತದೆ. ನಾನೂ ಹೋದ ವರ್ಷ ಎರಡನೇ ಯಂತ್ರ ಎಬ್ಬಿಸುವವಳಿದ್ದೆ. ನಮ್ಮ ಅಣ್ಣ ವೈರು ಕಿತ್ತುಕೊಂಡು ಬಂದು ಮುಖದ ಮುಂದೆ ಹಿಡಿದ, ಅದಕ್ಕೆ ಉಳಿದೆ" ಎಂದಳು.

ಬಾಗಿಲು ತೆರೆದು ಒಳಗೆ ಬಾ ಎಂದು ಕರೆದಂತಿತ್ತು ಆ ಮಾತು. "ಇಲ್ಲ. ನಮ್ಮಲ್ಲಿ ಒಂದೇ ಯಂತ್ರ ಇರೂದು" ಎಂದಳು ಸುಲಕ್ಷಾ. "ಸರಿ ದೀದಿ" ಎಂದು ನಫೀಸಾ ಇಟ್ಟಳು. ಮತ್ತೆ ಅವಳ ಫೋನ್ ಬರಲಿಲ್ಲ.

*

ಕಡಲದಿನ ಕಡಿಮೆಯಾದ ಮೇಲೆ ದೋಣಿಗಳವರ ಲೆಕ್ಕಾಚಾರವೇ ಬದಲಾಯಿತು. ಮೊದಲು ಗಾಳಿ ಸರಿಯಿಲ್ಲದಿದ್ದರೆ ಇಂದು ಬೇಡ, ನಾಳೆ ಹೋಗೋಣ ಎನ್ನುತ್ತಿದ್ದರು. ಈಗ ಇಂದಿಗೆಂದು ಬರೆಸಿದ ದಿನವನ್ನು ಬಿಟ್ಟುಕೊಡಲು ಯಾರಿಗೂ ಧೈರ್ಯವಿರಲಿಲ್ಲ. ನವೆಂಬರಿನ ಮೊದಲ ವಾರ ತೆಂಕಣ ಗಾಳಿ ಎದ್ದಾಗಲೂ ಹನ್ನೆರಡು ದೋಣಿ ಹೊರಟವು. ಅವುಗಳಲ್ಲಿ ಒಂದರ ಮೇಲೆ ದೇವಿದಾಸನ ಅಳಿಯ ಪಾಂಡುರಂಗ ಇದ್ದ. ಬಲೆ ಎಳೆಯುವಾಗ ದೋಣಿ ವಾಲಿತು. ಬಲೆ ಮೇಲೆತ್ತುವ ವಿಂಚಿನ ಹಗ್ಗ ಅವನ ಬಲಗೈಯ ಎರಡು ಬೆರಳನ್ನು ಕೊಂಡೊಯ್ದಿತು.

ಸುಲಕ್ಷಾ ಆಸ್ಪತ್ರೆಗೆ ಹೋದಳು. ಹೋಗದಿದ್ದರೆ ಜನ ಏನೆನ್ನುತ್ತಾರೋ ಎಂದು ಹೋದದ್ದು. ತನಗೇ ಅದು ಗೊತ್ತಿತ್ತು. ಪಾಂಡುರಂಗ ಮಂಪರಿನಲ್ಲಿದ್ದ. ಹಾಸಿಗೆಯ ಪಕ್ಕ ಅವನ ಹೆಂಡತಿ ವೈಶಾಲಿ ಕುಳಿತಿದ್ದಳು. ದೇವಿದಾಸ ಹೊರಗಿನ ಬೆಂಚಿನಲ್ಲಿದ್ದ, ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಅಂಗಾತವಾಗಿಟ್ಟುಕೊಂಡು.

"ನನ್ನ ಕೈಯಿಂದ ಆತು ತಂಗಿ" ಎಂದ. "ನಾನು ಆ ದಿನ ಒಂದು ಮಾತು ಕೇಳಿದ್ರೆ ಇವನು ಇವತ್ತು ಮನೆಯಲ್ಲಿರ್ತಿದ್ದ. ಮಗಳು ಏನೂ ಅನ್ಲಿಲ್ಲ. ಅನ್ನೂದಿಲ್ಲ ಅವಳು. ನಿನ್ನೆ ಕಾರ್ಖಾನೆಗೆ ಹೋಗಿ ಬಾಗಿಲಿನ ಕೀಲಿ ಕೊಟ್ಟು ಬಂದೆ. ಇನ್ನು ನನಗೆ ಬೇಡ ಆ ಕೆಲಸ. ಫ್ಯೂಸಿಗೆ ಕೈ ಹಾಕೂಕೂ ಹೆದರಿಕೆ ಬತ್ತದೆ."

"ದೇವಿದಾಸಣ್ಣ" ಎಂದಳು ಸುಲಕ್ಷಾ. ನಿಜ ಸಂಗತಿ ನಾಲಿಗೆಯ ತುದಿಯವರೆಗೆ ಬಂತು. ಆಗ ನರ್ಸ್ ಬಂದು ಔಷಧಿಯ ಚೀಟಿ ಕೊಟ್ಟಳು. ದೇವಿದಾಸ ಎದ್ದು, ಚೀಟಿ ಹಿಡಿದುಕೊಂಡು ಹೋದ. ಅವನು ಮರಳಿ ಬರುವವರೆಗೆ ಕಾಯಬಹುದಿತ್ತು. ಅವಳು ಮೆಟ್ಟಿಲಿಳಿದು ಬಸ್ಸು ಹಿಡಿದಳು. ಬಸ್ಸಿನಲ್ಲಿ ಕಿಟಕಿಯ ಸರಳಿಗೆ ಹಣೆಯಾನಿಸಿ ಕುಳಿತವಳಿಗೆ ಮೈಯೆಲ್ಲ ಬಿಸಿಯಾಗುತ್ತಿತ್ತು. ಪಕ್ಕದ ಹೆಂಗಸು ಜ್ವರವೇ ಎಂದು ಕೇಳಿದಳು. ಹೌದು ಎಂದಳು.

*

ಹೊರಹಾಕಿದ ಬಂದರು ಮೂರು ತಿಂಗಳ ನಂತರ ಮತ್ತೆ ಸೇರಿಕೊಳ್ಳಬಹುದಿತ್ತು. ಅದಕ್ಕೆ ಕಾರಣದ ಹೇಳಿಕೆಯೊಂದನ್ನು ಬರೆದು ಕಳಿಸಬೇಕು. ಉಳಿದ ಬಂದರುಗಳು ಅದನ್ನು ಓದಿ ಮತ ಹಾಕುತ್ತವೆ. ಹೇಳಿಕೆಯನ್ನು ಬರೆದವಳು ಸುಲಕ್ಷಾ. ಸಭೆಯಲ್ಲಿ ಹೇಳಿದ್ದನ್ನೇ ಬರೆದಳು. ಅಲ್ಲಿ ನುಂಗಿದ್ದನ್ನು ಇಲ್ಲಿ ಬಿಡಿಸಿ ಬರೆಯಲೇಬೇಕಿತ್ತು: 'ಕಾರ್ಖಾನೆಯ ವಿದ್ಯುತ್ ಕೆಲಸಗಾರರು ಪೂರ್ವಸೂಚನೆ ಇಲ್ಲದೆ ವಿದ್ಯುತ್ ಪೂರೈಸಿದ ಕಾರಣ.' ಸಭೆಯಲ್ಲಿ ಮೌನವಾಗಿದ್ದದ್ದು ಈಗ ಅಕ್ಷರವಾಯಿತು. ಕೆಳಗೆ ಮೂರು ಸಹಿ ಬೇಕಿತ್ತು. ನೋಡಿಕೊಳ್ಳುವವರದು, ಅಧ್ಯಕ್ಷರದು, ವಿದ್ಯುತ್ ಕೆಲಸಗಾರರದು.

ಜನವರಿಯ ಒಂದು ಬೆಳಿಗ್ಗೆ ಹತ್ತು ಗಂಟೆಗೆ ದೇವಿದಾಸ ಸೊಸೈಟಿಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು. ಮದುವೆಗೆ ಬಂದಂತೆ ಬಂದಿದ್ದ. ಮೂರು ತಿಂಗಳಲ್ಲಿ ಕುತ್ತಿಗೆಯ ಎಲುಬು ಎದ್ದು ಕಾಣುತ್ತಿತ್ತು. ಹೊನ್ನಪ್ಪ ತಾಂಡೇಲರು ಕಾಗದವನ್ನು ಮುಂದೆ ಇಟ್ಟರು.

"ಓದ್ಕ ಒಮ್ಮೆ."

"ಸುಲಕ್ಷಾ ಬರೆದದ್ದಲ್ವಾ? ಸರಿಯೇ ಇರ್ತದೆ" ಎಂದ ದೇವಿದಾಸ. ಪೆನ್ನು ತೆಗೆದುಕೊಂಡ. ಆಮೇಲೆ ಅವಳತ್ತ ತಿರುಗಿ, "ನನ್ನ ಹೆಸರಿನ ಮುಂದೆ 'ನಿವೃತ್ತ' ಅಂತ ಹಾಕ್ಬೇಕಾ ತಂಗಿ? ಈಗ ಕೆಲಸದಲ್ಲಿ ಇಲ್ವಲ್ಲ ನಾನು. ಆಮೇಲೆ ಇದೂ ತಪ್ಪಾದ್ರೆ ಊರಿಗೆ ಮತ್ತೆ ತೊಂದರೆ" ಎಂದು ಕೇಳಿದ.

ಸುಲಕ್ಷಾ ಕಾಗದದ ಮೇಲೆ ಕೈಯಿಟ್ಟಳು.

"ಸಹಿ ಹಾಕ್ಬೇಡ."

"ಯಾಕೆ?"

"ಅದು ಸುಳ್ಳು." ಅವಳ ದನಿ ಅವಳಿಗೇ ದೂರದಿಂದ ಕೇಳಿದಂತಾಯಿತು. "ನಿನ್ನ ತಪ್ಪು ಏನೂ ಇಲ್ಲ. ನಮ್ಮ ಮನೆಯಲ್ಲಿ ಇನ್ನೊಂದು ಯಂತ್ರ ಇತ್ತು. ಅದೇ ಕೀಲಿ ಹಾಕಿ ನಾನು ಅದನ್ನ ಎಬ್ಬಿಸಿದ್ದೆ. ಎಬ್ಬಿಸಿದ್ದು ಯಾರಿಗೂ ಹೇಳ್ಲಿಲ್ಲ. ತಡೆಯೂ ಪರೀಕ್ಷೆ ಒಂದಿತ್ತು, ಅದನ್ನೂ ನಾನೇ ನಿಲ್ಲಿಸಿಟ್ಟಿದ್ದೆ. ಒಂದು ಚುಕ್ಕೆ ಬೀಳ್ಬಾರ್ದು ಅಂತ. ಬಿದ್ದಿದ್ರೆ ಯಾರಿಗೂ ಏನೂ ಆಗ್ತಿರ್ಲಿಲ್ಲ. ನನ್ನ ಹೆಸರು ಒಂಚೂರು ಮಾಸ್ತಿತ್ತು, ಅಷ್ಟೇ."

ಹೊನ್ನಪ್ಪ ತಾಂಡೇಲರು ಕುರ್ಚಿಗೆ ಒರಗಿದರು. "ಆ ದಿನ ಸಭೆಯಲ್ಲಿ ಇವ ಎದ್ದು ನಿಂತಾಗ..." ಎಂದು ಶುರುಮಾಡಿದವರು ಅಲ್ಲಿಗೇ ನಿಲ್ಲಿಸಿದರು.

"ಗೊತ್ತಿತ್ತು ನನಗೆ" ಎಂದಳು ಸುಲಕ್ಷಾ.

ದೇವಿದಾಸ ಪೆನ್ನಿಗೆ ಮುಚ್ಚಳ ಹಾಕಿದ. ಅದನ್ನು ಮೇಜಿನ ಅಂಚಿಗೆ ನೇರವಾಗಿ ಇಟ್ಟ. ಸಿಟ್ಟೇನಾದರೂ ಬಂದರೆ ತಡೆದುಕೊಳ್ಳಲು ಅವಳು ಸಿದ್ಧಳಾಗಿದ್ದಳು. ಅವನು ಬೈದರೆ ಚೆನ್ನಾಗಿತ್ತು. ಅವನು ಎದ್ದು ಬಾಗಿಲವರೆಗೆ ಹೋದ. ಅಲ್ಲಿ ನಿಂತು, ಅವಳನ್ನಲ್ಲ, ಹೊನ್ನಪ್ಪರನ್ನು ಕೇಳಿದ:

"ಹಾಗಾದ್ರೆ ನಾನು ಜೋಡಿಸಿದ್ದು ಸರಿಯಾಗಿತ್ತು?"

"ಸರಿಯಾಗಿತ್ತು ದೇವಿದಾಸ."

ಅವನು ತಲೆಯಾಡಿಸಿ ಹೊರಗೆ ಹೋದ.

*

ಹೊಸ ಹೇಳಿಕೆಯನ್ನು ಸುಲಕ್ಷಾ ಅಂದೇ ಬರೆದಳು. ನಾನು, ನಾನು, ನಾನು ಎಂದೇ ಎಲ್ಲ ವಾಕ್ಯಗಳೂ ಶುರುವಾದವು. ಇನ್ನೂರಾ ಹತ್ತು ಬಂದರುಗಳವರು ಓದಿದರು. ಅದು ಪುಸ್ತಕದಲ್ಲಿ ಸೇರಿತು. ಸೇರಿದ್ದನ್ನು ಅಳಿಸುವ ದಾರಿ ಅದರಲ್ಲಿಲ್ಲ. ಬೇರೆಯವರು ನೋಡಿಕೊಳ್ಳಬೇಕು ಎಂಬ ಷರತ್ತಿನೊಡನೆ ನಡುಬೇಣವನ್ನು ಮರಳಿ ಸೇರಿಸಿಕೊಳ್ಳಲು ಒಪ್ಪಿಗೆ ಬಂತು. ಸುಟ್ಟ ದಿನಗಳು ಬರಲಿಲ್ಲ.

ಊರು ಅವಳನ್ನು ಹೊಡೆಯಲಿಲ್ಲ, ಬಹಿಷ್ಕಾರ ಹಾಕಲಿಲ್ಲ. ಮೀನು ಇಳಿಸುವ ಕಟ್ಟೆಯಲ್ಲಿ ಅವಳು ಬಂದರೆ ಮಾತು ನಿಲ್ಲುತ್ತಿತ್ತು, ದಾಟಿಹೋದ ಮೇಲೆ ಶುರುವಾಗುತ್ತಿತ್ತು. ಅಂಗಡಿಯವರು ಕೇಳಿದ್ದನ್ನು ಕೊಟ್ಟು ಚಿಲ್ಲರೆ ಎಣಿಸುತ್ತಿದ್ದರು, ಇನ್ನೇನು ವಿಶೇಷ ಎನ್ನುತ್ತಿರಲಿಲ್ಲ. ಉಮಾಕಾಂತನ ಅಂಗಡಿಗೆ ಬಲೆ ತರುವವರು ಕಡಿಮೆಯಾದರು. ಅವನು ದೂರಲಿಲ್ಲ. "ಈಗ ನಿದ್ದೆ ಬತ್ತದೆ ನನಗೆ" ಎಂದಷ್ಟೇ ಹೇಳಿದ. ಅವಳಿಗೂ ಬರುತ್ತದೆ ಎಂದು ಅವನು ತಿಳಿದಿದ್ದ. ಅವಳಿಗೆ ಬರುತ್ತಿರಲಿಲ್ಲ. ಹೇಳಿದ ಮೇಲೆ ಹಗುರವಾಗುತ್ತದೆ ಎಂದು ಅಂದುಕೊಂಡಿದ್ದಳು. ಮೊದಲು ತಾನೊಬ್ಬಳೇ ನೋಡುತ್ತಿದ್ದ ತನ್ನ ಮುಖವನ್ನು ಈಗ ಎಲ್ಲರೂ ನೋಡುತ್ತಿದ್ದರು, ಆದದ್ದು ಅಷ್ಟೇ.

ಫೆಬ್ರವರಿಯ ಕೊನೆಗೆ ಅವಳು ದೇವಿದಾಸನ ಮನೆಗೆ ಹೋದಳು. ಎರಡು ಸಲ ಅರ್ಧ ದಾರಿಯವರೆಗೆ ಹೋಗಿ ಮರಳಿದ್ದಳು. ಇದು ಮೂರನೆಯ ಸಲ. ಹನ್ನೊಂದು ಗಂಟೆಯ ಬಿಸಿಲು. ದೇವಿದಾಸ ಜಗಲಿಯಲ್ಲಿ ಯಾರದೋ ಮಿಕ್ಸರನ್ನು ಬಿಚ್ಚಿ ಕುಳಿತಿದ್ದ. ಪಕ್ಕದಲ್ಲಿ ಪಾಂಡುರಂಗ ಉಳಿದ ಮೂರು ಬೆರಳಿನಿಂದ ಸ್ಕ್ರೂ ತಿರುಗಿಸಲು ಕಲಿಯುತ್ತಿದ್ದ. ಅವಳನ್ನು ಕಂಡು ಪಾಂಡುರಂಗ ಎದ್ದು ಒಳಗೆ ಹೋದ.

ಅವಳು ಅಂಗಳದಲ್ಲೇ ನಿಂತಳು. "ದೇವಿದಾಸಣ್ಣ, ಕ್ಷಮಿಸು ಅಂತ ಕೇಳೂಕೆ ಬರ್ಲಿಲ್ಲ. ಏನು ಮಾಡ್ಲಿ ಅಂತ ಕೇಳೂಕೆ ಬಂದೆ."

ದೇವಿದಾಸ ಮಿಕ್ಸರಿನ ಒಂದು ಸ್ಕ್ರೂ ಬಿಚ್ಚಿ ಪಕ್ಕಕ್ಕಿಟ್ಟ.

"ಊರವರು ಬೈದದ್ದು ನನಗೆ ಅಷ್ಟು ಹತ್ಲಿಲ್ಲ" ಎಂದ. "ಎಲ್ಲ ಬೈತಾರೆ, ಮರೀತಾರೆ. ಆದ್ರೆ ನಾನೇ ನಂಬಿಬಿಟ್ಟೆ ನೋಡು. ಮೂರು ತಿಂಗಳು ನನ್ನ ಕೈಯನ್ನೇ ನಾನು ನಂಬ್ಲಿಲ್ಲ. ಮನೆಯ ಬಲ್ಬ್ ಹೋದ್ರೆ ಪಕ್ಕದ ಮನೆಯವರನ್ನ ಕರೆಸ್ದೆ. ಈಗ ಸರಿ ಅಂತ ನೀನು ಹೇಳ್ದೆ. ತಲೆಗೆ ಗೊತ್ತಾತು. ಕೈಗೆ ಇನ್ನೂ ಗೊತ್ತಾಗ್ಲಿಲ್ಲ." ಅವನು ಬಲಗೈಯನ್ನು ಮುಂದೆ ಚಾಚಿದ. "ನೀನು ಏನು ಮಾಡ್ತಿ ಇದಕ್ಕೆ? ಏನೂ ಮಾಡೂಕೆ ಆಗೂದಿಲ್ಲ ನಿನ್ನಿಂದ. ಹೋಗು."

ಹೋಗು ಎಂಬುದನ್ನು ಅವನು ಗಟ್ಟಿಯಾಗಿ ಹೇಳಲಿಲ್ಲ. ಅವಳು ತಲೆಯಾಡಿಸಿ ತಿರುಗಿದಳು. ಅಂಗಳ ದಾಟುವಾಗ ಹಿಂದಿನಿಂದ ಬಾಗಿಲು ಸದ್ದಾಯಿತು. ದೇವಿದಾಸನ ಹೆಂಡತಿ ಗಿರಿಜಕ್ಕ ತಂಬಿಗೆಯಲ್ಲಿ ನೀರು ತಂದು ನಿಂತಿದ್ದಳು.

"ಬಿಸಿಲದೆ. ಕುಡಿದು ಹೋಗು."

ಸುಲಕ್ಷಾ ತಂಬಿಗೆ ತೆಗೆದುಕೊಂಡಳು. ಜಗಲಿಯಲ್ಲಿ ಜಾಗವಿತ್ತು, ಪಾಂಡುರಂಗ ಎದ್ದುಹೋದ ಮಣೆ ಖಾಲಿ ಇತ್ತು. ಕೂತ್ಕ ಎಂದು ಯಾರೂ ಹೇಳಲಿಲ್ಲ. ಅವಳು ನಿಂತೇ ಕುಡಿದಳು, ಪೂರ್ತಿ ಕುಡಿದಳು. ತಂಬಿಗೆಯನ್ನು ಅಂಗಳದ ಕಲ್ಲಿನ ಮೇಲೆ ಇಟ್ಟು ಹೊರಟಾಗ ಗಿರಿಜಕ್ಕ ಅದನ್ನು ಎತ್ತಿಕೊಂಡು ಒಳಗೆ ಹೋದಳು.